ಕೋಅರ್ಸಿವಿಟಿ: ಒಂದೇ ಪದ, ಎರಡು ಸಂಖ್ಯೆ, ಸೊರಗಿದ ಮೋಟಾರುಗಳು

ಮೋಟಾರು ನನ್ನ ಮೇಜಿಗೆ ಬಂದಾಗ ಅದಕ್ಕೆ ಒಂದು ಚೀಟಿ ಕಟ್ಟಿತ್ತು. ‘ಲೋಡ್ ಇಲ್ಲದಾಗ ಮೊದಲಿಗಿಂತ ಜೋರಾಗಿ ತಿರುಗುತ್ತದೆ. ಲೋಡ್ ಬಂದರೆ ಎಳೆಯುವುದಿಲ್ಲ. ಕರೆಂಟ್ ಜಾಸ್ತಿ ತಿನ್ನುತ್ತದೆ.’ ಮೂರೇ ಸಾಲು. ಆದರೆ ಬರೆದವರು ನೋಡಬೇಕಾದ್ದನ್ನೆಲ್ಲ ನೋಡಿದ್ದರು.

ಅದು ಸಣ್ಣ ಪಂಪ್ ಓಡಿಸುವ ಬ್ರಷ್‌ಲೆಸ್ ಮೋಟಾರು. ತಿರುಗುವ ಭಾಗವಾದ ರೋಟರಿನ ಮೇಲೆ ಎಂಟು ಮ್ಯಾಗ್ನೆಟ್ ತುಂಡುಗಳನ್ನು ಅಂಟಿಸಿದ್ದರು. ಒಂದೊಂದೂ 3 ಮಿಲಿಮೀಟರ್ ದಪ್ಪ, ನಿಯೋಡೈಮಿಯಂ-ಕಬ್ಬಿಣ-ಬೋರಾನ್ ಮಿಶ್ರಲೋಹದ್ದು. ರೋಟರಿಗೂ ಹೊರಗೆ ಸುರುಳಿ ಸುತ್ತಿದ, ತಿರುಗದ ಸ್ಟೇಟರಿಗೂ ನಡುವೆ ಸುಮಾರು 1 ಮಿಲಿಮೀಟರ್ ಗಾಳಿಯ ಸಂದು. ಇದೇ ವಿನ್ಯಾಸದ ಮೋಟಾರುಗಳು ಹಲವು ವರ್ಷ ತಕರಾರಿಲ್ಲದೆ ಓಡಿದ್ದವು. ಹೊಸ ಲಾಟಿನವು ಮಾತ್ರ ಒಂದೊಂದಾಗಿ ವಾಪಸ್ ಬರತೊಡಗಿದ್ದವು. ಎಲ್ಲವೂ ಅಲ್ಲ, ಕೆಲವು. ನಡುವೆ ಬದಲಾಗಿದ್ದು ಒಂದೇ, ಮ್ಯಾಗ್ನೆಟ್ ಕೊಡುವವರು.

ಯಾರ ಹೆಸರೂ ಇಲ್ಲಿ ಬೇಡ. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರೂ ಸೋಮಾರಿತನ ಮಾಡಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಡ್ರಾಯಿಂಗಿನಲ್ಲಿ ಕೋಅರ್ಸಿವಿಟಿ ಅಂತ ಒಂದು ಪದ ಇತ್ತು. ಎದುರು ಕಾಂತಕ್ಷೇತ್ರಕ್ಕೆ ಮ್ಯಾಗ್ನೆಟ್ ಎಷ್ಟರ ತನಕ ತಡೆದು ನಿಲ್ಲುತ್ತದೆ ಅನ್ನುವ ಅಳತೆ ಅದು. ಆ ಪದಕ್ಕೆ ಎರಡು ಅರ್ಥ. ಯಾವ ಅರ್ಥ ಅಂತ ಅಲ್ಲಿ ಬರೆದಿರಲಿಲ್ಲ.

ಮೋಟಾರು ಹೇಳಿದ್ದು

ಸೊರಗಿದ ಮೋಟಾರು ಬರಿದಾಗಿ ಓಡುವಾಗ ಜೋರಾಗಿ ಓಡುವುದು ಯಾಕೆ? ಕೇಳಿದವರಿಗೆಲ್ಲ ಇದು ವಿಚಿತ್ರ ಅನ್ನಿಸುತ್ತದೆ. ಮೋಟಾರು ತಿರುಗುವಾಗ ಅದರ ಸುರುಳಿಗಳಲ್ಲೇ ಒಂದು ವೋಲ್ಟೇಜ್ ಹುಟ್ಟುತ್ತದೆ. ಬ್ಯಾಕ್ ಇಎಂಎಫ್ ಅಂತ ಅದರ ಹೆಸರು. ಅದು ನಾವು ಕೊಡುವ ವೋಲ್ಟೇಜಿಗೆ ಎದುರಾಗಿ ನಿಲ್ಲುತ್ತದೆ. ಎರಡೂ ಹೆಚ್ಚುಕಡಿಮೆ ಸಮ ಆಗುವ ತನಕ ವೇಗ ಏರುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಸೊರಗಿದ್ದರೆ ಅಷ್ಟೇ ವೋಲ್ಟೇಜ್ ಹುಟ್ಟಿಸಲು ಹೆಚ್ಚು ವೇಗ ಬೇಕು. ಹಾಗಾಗಿ ಬರಿ ಓಟದಲ್ಲಿ ವೇಗ ಜಾಸ್ತಿ. ಒಂದು ಆಂಪಿಯರಿಗೆ ಸಿಗುವ ತಿರುಚು ಬಲ ಮಾತ್ರ ಕಡಿಮೆ. ಅದೇ ಪಂಪ್ ಎಳೆಯಲು ಹೆಚ್ಚು ಕರೆಂಟ್ ಬೇಕು. ಚೀಟಿಯ ಮೂರು ಸಾಲೂ ಒಂದೇ ಮಾತು ಹೇಳುತ್ತಿದ್ದವು.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಮೋಟಾರಿನಿಂದ ಇದನ್ನು ನಿಮಿಷಕ್ಕೆ 1000 ಸುತ್ತು ತಿರುಗಿಸಿದೆವು. ಹೊರಬರುವ ವೋಲ್ಟೇಜ್ ಅಳೆದೆವು. 20 ಬರಬೇಕಿದ್ದ ಕಡೆ 17 ಬಂತು. ಮ್ಯಾಗ್ನೆಟ್‌ಗಳು ತಮ್ಮ ಬಲದಲ್ಲಿ ಸುಮಾರು ಆರನೇ ಒಂದು ಪಾಲು ಕಳೆದುಕೊಂಡಿದ್ದವು.

ಮೊದಲ ಅನುಮಾನ ತುಕ್ಕಿನ ಮೇಲೆ ಹೋಯಿತು. ನಿಯೋಡೈಮಿಯಂ ಮ್ಯಾಗ್ನೆಟ್ ತೇವಕ್ಕೆ ಬೇಗ ಹಾಳಾಗುತ್ತದೆ. ಅದಕ್ಕೇ ಅದಕ್ಕೆ ನಿಕ್ಕಲ್ ಅಥವಾ ಎಪಾಕ್ಸಿ ಲೇಪ ಕೊಡುತ್ತಾರೆ. ಲೇಪ ಬಿಟ್ಟುಹೋಗಿ ಒಳಗಿನ ಲೋಹ ಪುಡಿಯಾಗಿದ್ದರೆ ಬಲ ಇಳಿಯುವುದು ಸಹಜ. ಇದನ್ನು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಸೊರಗಿದ ರೋಟರನ್ನು ಮತ್ತೆ ಮ್ಯಾಗ್ನೆಟೈಸ್ ಮಾಡುವುದು. ಲೋಹವೇ ಹಾಳಾಗಿದ್ದರೆ ಬಲ ವಾಪಸ್ ಬರುವುದಿಲ್ಲ. ಲೋಹ ಸರಿ ಇದ್ದು ಒಳಗಿನ ಕಾಂತತ್ವ ಮಾತ್ರ ದಿಕ್ಕು ತಪ್ಪಿದ್ದರೆ ಪೂರ್ತಿ ವಾಪಸ್ ಬರುತ್ತದೆ.

ಪೂರ್ತಿ ವಾಪಸ್ ಬಂತು. ಮತ್ತೆ 20 ವೋಲ್ಟ್.

ಇಲ್ಲೇ ಇನ್ನೊಂದು ಪದದ ಬಗ್ಗೆ ಹೇಳಿಬಿಡುತ್ತೇನೆ. ಈ ಥರದ ನಷ್ಟಕ್ಕೆ ಮ್ಯಾಗ್ನೆಟ್ ಕೆಲಸದವರು ‘ಇರ್‌ರಿವರ್ಸಿಬಲ್ ಲಾಸ್’ ಅನ್ನುತ್ತಾರೆ. ಕೇಳಿದರೆ ಇನ್ನು ಸರಿಯಾಗುವುದೇ ಇಲ್ಲ ಅನ್ನಿಸುತ್ತದೆ. ಆದರೆ ಅದರ ಅರ್ಥ ಬೇರೆ. ಮ್ಯಾಗ್ನೆಟ್ ತಣ್ಣಗಾದ ಮಾತ್ರಕ್ಕೆ ಬಲ ತಾನಾಗಿ ಮರಳುವುದಿಲ್ಲ ಅಂತ ಅಷ್ಟೇ. ಮತ್ತೆ ಮ್ಯಾಗ್ನೆಟೈಸ್ ಮಾಡಿದರೆ ಮರಳುತ್ತದೆ. ನಿಜವಾಗಿ ಸರಿಯಾಗದ ನಷ್ಟಕ್ಕೆ ‘ಸ್ಟ್ರಕ್ಚರಲ್ ಲಾಸ್’ ಅಂತ ಬೇರೆ ಹೆಸರಿದೆ. ಈ ಎರಡು ಹೆಸರುಗಳ ಗೊಂದಲದಲ್ಲಿ ಒಳ್ಳೆಯ ರೋಟರುಗಳನ್ನು ಗುಜರಿಗೆ ಹಾಕಿದ್ದನ್ನು ನಾನು ಕಂಡಿದ್ದೇನೆ.

ಸರಿ, ಲೋಹ ಹಾಳಾಗಿಲ್ಲ. ಹಾಗಾದರೆ ಓಡುವಾಗ ಯಾವುದೋ ಎದುರು ಕ್ಷೇತ್ರ ಈ ಮ್ಯಾಗ್ನೆಟ್‌ಗಳನ್ನು ಮಣಿಸಿದೆ. ಹಳೆಯವು ಮಣಿಯಲಿಲ್ಲ, ಇವು ಮಣಿದವು. ವ್ಯತ್ಯಾಸ ಎಲ್ಲಿದೆ?

ಮಾಲು ತಪಾಸಣೆ ಮಾಡುವವರನ್ನು ಕೇಳಿದೆ. ಅವರು ಎರಡೂ ಮ್ಯಾಗ್ನೆಟ್‌ಗಳನ್ನು ಮುಂದಿಟ್ಟು ಗೌಸ್ ಮೀಟರ್ ಹಿಡಿದು ತೋರಿಸಿದರು. ‘ನೋಡಿ ಸರ್, ಎರಡೂ ಒಂದೇ ತೋರಿಸ್ತಿದೆ. ಇದಕ್ಕಿಂತ ಇನ್ನೇನು ನೋಡೋದು?’ ಅವರ ಮಾತು ನಿಜ. ಮೇಲ್ಮೈ ಮೇಲಿನ ಕ್ಷೇತ್ರ ಎರಡರಲ್ಲೂ ಒಂದೇ ಇತ್ತು. ಅಳತೆ ಸರಿ, ದಪ್ಪ ಸರಿ, ಲೇಪ ಸರಿ. ಸಪ್ಲೈಯರ್ ಕೊಟ್ಟ ಸರ್ಟಿಫಿಕೇಟಿನಲ್ಲೂ ಡ್ರಾಯಿಂಗ್ ಕೇಳಿದ ಎಲ್ಲ ಸಂಖ್ಯೆ ಇದ್ದವು.

ಡ್ರಾಯಿಂಗ್ ಕೇಳಿದ್ದು ಮೂರು ಸಂಖ್ಯೆ. ಉಳಿಕೆ ಕಾಂತತ್ವ, ಅಂದರೆ ರೆಮನೆನ್ಸ್, ಕನಿಷ್ಠ 1.28 ಟೆಸ್ಲಾ. ಎನರ್ಜಿ ಪ್ರಾಡಕ್ಟ್, ಅಂದರೆ ಮ್ಯಾಗ್ನೆಟ್ ಹೊರಗೆ ಎಷ್ಟು ಕಾಂತಶಕ್ತಿ ಕೊಡಬಲ್ಲದು ಅನ್ನುವ ಅಳತೆ, ಕನಿಷ್ಠ 40 ಮೆಗಾಗೌಸ್-ಅರ್ಸ್ಟೆಡ್. ಕೋಅರ್ಸಿವಿಟಿ ಕನಿಷ್ಠ 900 ಕಿಲೋಆಂಪಿಯರ್ ಪ್ರತಿ ಮೀಟರಿಗೆ. ಮುಂದೆ ಕೋಅರ್ಸಿವಿಟಿಗೆ ಬರೀ ಸಂಖ್ಯೆ ಬರೆಯುತ್ತೇನೆ, ಅಳತೆ ಎಲ್ಲ ಕಡೆ ಇದೇ.

ಆ 900 ಯಾವ ಕೋಅರ್ಸಿವಿಟಿ?

ಹಗ್ಗಜಗ್ಗಾಟದಲ್ಲಿ ಎರಡು ಸೋಲು

ಮ್ಯಾಗ್ನೆಟ್‌ಗೆ ಎದುರು ದಿಕ್ಕಿನಿಂದ ಕಾಂತಕ್ಷೇತ್ರ ಕೊಡುತ್ತಾ ಹೋಗಿ. ಎಷ್ಟು ಕೊಟ್ಟರೆ ಅದು ಸೊನ್ನೆಗೆ ಬರುತ್ತದೋ ಆ ಎದುರು ಕ್ಷೇತ್ರವೇ ಕೋಅರ್ಸಿವಿಟಿ. ಪಾಠದಲ್ಲಿ ಹೀಗೇ ಹೇಳಿಕೊಡುತ್ತಾರೆ. ತಪ್ಪಲ್ಲ. ಆದರೆ ‘ಅದು’ ಅಂದರೆ ಯಾವುದು? ಯಾವುದು ಸೊನ್ನೆಗೆ ಬರಬೇಕು?

ಹಗ್ಗಜಗ್ಗಾಟ ನೆನಪು ಮಾಡಿಕೊಳ್ಳಿ. ಈ ಕಡೆ ಮ್ಯಾಗ್ನೆಟಿನ ತಂಡ, ಆ ಕಡೆ ಹೊರಗಿನ ಕ್ಷೇತ್ರದ ತಂಡ. ಹಗ್ಗದ ನಡುವೆ ಒಂದು ಗಂಟು. ಎದುರಿನ ತಂಡ ಬಲ ಹೆಚ್ಚಿಸುತ್ತಾ ಬಂದ ಹಾಗೆ ಗಂಟು ನಡುಗೆರೆಯ ಕಡೆ ಸರಿಯುತ್ತದೆ. ಕೊನೆಗೆ ಗೆರೆಯ ಮೇಲೆ ನಿಲ್ಲುತ್ತದೆ. ಇಬ್ಬರ ಬಲವೂ ಈಗ ಸಮ, ಮೊತ್ತ ಸೊನ್ನೆ. ಇದು ಮೊದಲನೆಯ ಕೋಅರ್ಸಿವಿಟಿ. ಚಿಹ್ನೆ ಎಚ್‌ಸಿಬಿ. ಇಲ್ಲಿ ಮ್ಯಾಗ್ನೆಟಿನ ತಂಡಕ್ಕೆ ಏನಾಗಿದೆ? ಗಟ್ಟಿ ಮ್ಯಾಗ್ನೆಟ್ ಆದರೆ ಏನೂ ಆಗಿಲ್ಲ. ಎಲ್ಲರೂ ಕಾಲೂರಿ ನಿಂತು ಪೂರ್ತಿ ಬಲದಿಂದ ಎಳೆಯುತ್ತಿದ್ದಾರೆ. ಎದುರಿನವರು ಅಷ್ಟೇ ಎಳೆಯುತ್ತಿದ್ದಾರೆ, ಅಷ್ಟೆ. ಎದುರಿನವರು ಕೈಬಿಟ್ಟರೆ ಗಂಟು ಮೊದಲಿನ ಜಾಗಕ್ಕೇ ಬರುತ್ತದೆ.

ಎದುರಿನ ತಂಡ ಇನ್ನೂ ಬಲ ಹಾಕುತ್ತದೆ ಅನ್ನಿ. ಒಂದು ಹಂತದಲ್ಲಿ ಮ್ಯಾಗ್ನೆಟಿನ ತಂಡದವರೇ ಕಾಲು ಜಾರಿ, ತಿರುಗಿ, ಎದುರಿನವರ ಜೊತೆ ಸೇರಿ ಎಳೆಯತೊಡಗುತ್ತಾರೆ. ಅರ್ಧ ಜನ ಹೀಗೆ ತಿರುಗಿದಾಗ ಮ್ಯಾಗ್ನೆಟಿನ ಸ್ವಂತ ಬಲವೇ ಸೊನ್ನೆ. ಇದು ಎರಡನೆಯ ಕೋಅರ್ಸಿವಿಟಿ. ಚಿಹ್ನೆ ಎಚ್‌ಸಿಜೆ. ಇದು ನಿಜವಾದ ಸೋಲು. ಎದುರಿನವರು ಈಗ ಕೈಬಿಟ್ಟರೂ ತಿರುಗಿದವರು ವಾಪಸ್ ಬರುವುದಿಲ್ಲ.

ಎಚ್‌ಸಿಬಿಗೆ ಒಂದು ಮಿತಿ ಇದೆ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗಂಟನ್ನು ನಡುಗೆರೆಗೆ ತರಲು ಎದುರಿನವರಿಗೆ ಮ್ಯಾಗ್ನೆಟಿನ ಬಲದಷ್ಟೇ ಬಲ ಸಾಕು. ಅದಕ್ಕಿಂತ ಹೆಚ್ಚು ಬೇಕಿಲ್ಲ. ಉಳಿಕೆ ಕಾಂತತ್ವ 1.30 ಟೆಸ್ಲಾ ಇದ್ದರೆ ಆ ಲೆಕ್ಕ ಸುಮಾರು 1035ಕ್ಕೆ ಬರುತ್ತದೆ. ಮ್ಯಾಗ್ನೆಟ್ ಎಷ್ಟೇ ಗಟ್ಟಿ ಆಗಿರಲಿ, ಅದರ ಎಚ್‌ಸಿಬಿ 1035 ದಾಟುವುದಿಲ್ಲ. ಎಚ್‌ಸಿಜೆಗೆ ಆ ಕಟ್ಟು ಇಲ್ಲ. ಅದು 1000 ಇರಬಹುದು, 1600 ಇರಬಹುದು, 2400ರ ತನಕವೂ ಹೋಗಬಹುದು.

ಅಂದರೆ ಒಂದೇ ಉಳಿಕೆ ಕಾಂತತ್ವದ ಎರಡು ನಿಯೋಡೈಮಿಯಂ ಮ್ಯಾಗ್ನೆಟ್‌ಗಳ ಎಚ್‌ಸಿಬಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಬೇಗ ಮಣಿಯುವಂಥದ್ದು, ಇನ್ನೊಂದು ಜಗ್ಗದಂಥದ್ದು ಆಗಿದ್ದರೂ ಆ ಸಂಖ್ಯೆ ಅದನ್ನು ಹೇಳುವುದಿಲ್ಲ.

ನಮ್ಮ ಮೋಟಾರಿನಲ್ಲಿ ಆಗಿದ್ದು ಇದೇ. ಹಳೆಯ ಮ್ಯಾಗ್ನೆಟ್ ಎನ್42ಎಸ್‌ಎಚ್ ಅನ್ನುವ ದರ್ಜೆಯದು. ಅದರ ಎಚ್‌ಸಿಬಿ ಸುಮಾರು 955, ಎಚ್‌ಸಿಜೆ ಕನಿಷ್ಠ 1592. ಹೊಸದು ಬರೀ ಎನ್42. ಅದರ ಎಚ್‌ಸಿಬಿ ಸುಮಾರು 915, ಎಚ್‌ಸಿಜೆ ಕನಿಷ್ಠ 955. ವರ್ಷಗಳ ಹಿಂದೆ ಯಾರೋ ಡ್ರಾಯಿಂಗನ್ನು ಯಾವ ಸಪ್ಲೈಯರಿಗಾದರೂ ಹೊಂದುವಂತೆ ಮಾಡಲು ದರ್ಜೆಯ ಹೆಸರು ತೆಗೆದು ಸಂಖ್ಯೆಗಳನ್ನು ಮಾತ್ರ ಉಳಿಸಿದ್ದರು. ಡೇಟಾಶೀಟಿನಲ್ಲಿ ಕೋಅರ್ಸಿವಿಟಿ ಎರಡು ಸಾಲಿನಲ್ಲಿ ಇರುತ್ತದೆ. ಅವರು ಮೊದಲು ಕಂಡ ಸಾಲು ತೆಗೆದುಕೊಂಡರು. ಸ್ವಲ್ಪ ಸಡಿಲ ಬಿಟ್ಟು 900 ಅಂತ ಬರೆದರು. ಹಳೆಯ ಸಪ್ಲೈಯರಿಗೆ ರೂಢಿ ಇತ್ತು, ಕೇಳದೆಯೇ ಎಸ್‌ಎಚ್ ಕಳಿಸುತ್ತಿದ್ದರು. ಹೊಸಬರು ಡ್ರಾಯಿಂಗ್ ಓದಿದರು. 900 ಬೇಕು, ಎನ್42 ಸಾಕು. ಎರಡರಲ್ಲಿ ಯಾವ ಅರ್ಥ ಹಿಡಿದರೂ ಎನ್42 ಪಾಸ್. ಅವರನ್ನು ಏನಂತ ದೂರುವುದು?

ಒಂದು ಪದ ಸಾಕಾಗಿದ್ದ ಕಾಲ

ಒಂದೇ ಹೆಸರಿಗೆ ಎರಡು ಅರ್ಥ ಯಾಕೆ ಬಂತು? ಇದರ ಉತ್ತರ ಮಿಶ್ರಲೋಹಗಳ ಇತಿಹಾಸದಲ್ಲೇ ಇದೆ. ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

1931ರಲ್ಲಿ ಜಪಾನಿನ ತೊಕುಶಿಚಿ ಮಿಶಿಮಾ ಅವರು ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹದಿಂದ ಅದುವರೆಗಿನ ಮ್ಯಾಗ್ನೆಟ್ ಉಕ್ಕುಗಳಿಗಿಂತ ಎಷ್ಟೋ ಗಟ್ಟಿಯಾದ ಮ್ಯಾಗ್ನೆಟ್ ಮಾಡಬಹುದು ಅಂತ ಕಂಡುಕೊಂಡರು. ಅದಕ್ಕೆ ಕೋಬಾಲ್ಟ್ ಸೇರಿ ಅಲ್ನಿಕೊ ಕುಟುಂಬ ಬೆಳೆಯಿತು. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಮೂರರ ಚಿಹ್ನೆ ಕೂಡಿಸಿದರೆ ಅಲ್ನಿಕೊ. ಮುಂದೆ ದಶಕಗಳ ಕಾಲ ಲೌಡ್‌ಸ್ಪೀಕರ್, ಮೀಟರ್, ಜನರೇಟರ್ ಎಲ್ಲದರಲ್ಲೂ ಇದರದೇ ಆಳ್ವಿಕೆ.

ಹೆಚ್ಚು ಬಳಕೆಯಲ್ಲಿದ್ದ ಅಲ್ನಿಕೊ 5ರ ಉಳಿಕೆ ಕಾಂತತ್ವ ಸುಮಾರು 1.25 ಟೆಸ್ಲಾ. ಈಗಿನ ನಿಯೋಡೈಮಿಯಂಗೆ ಹತ್ತಿರ ಹತ್ತಿರ! ಆದರೆ ಕೋಅರ್ಸಿವಿಟಿ 50ರ ಆಸುಪಾಸು. ಈ ತಂಡದವರು ಜೋರಾಗಿ ಎಳೆಯುತ್ತಾರೆ, ಆದರೆ ಸಣ್ಣ ಎದುರು ಬಂದರೂ ಕಾಲು ಜಾರುತ್ತಾರೆ. ಎದುರಿನ ಬಲ 50 ಆಗುವಷ್ಟರಲ್ಲೇ ತಂಡ ಕುಸಿದಿರುತ್ತದೆ. ಆ 50 ಅನ್ನುವುದು ಮ್ಯಾಗ್ನೆಟಿನ ಸುಮಾರು 1000ದ ಮುಂದೆ ಏನೇನೂ ಅಲ್ಲ. ಹಾಗಾಗಿ ಗಂಟು ಗೆರೆಗೆ ಬರುವುದು, ತಂಡ ಬೀಳುವುದು ಎರಡೂ ಒಟ್ಟಿಗೇ ಆಗುತ್ತವೆ. ಎಚ್‌ಸಿಬಿ, ಎಚ್‌ಸಿಜೆ ಎರಡೂ ಒಂದೇ ಸಂಖ್ಯೆ ಅಂದರೂ ನಡೆಯುತ್ತದೆ. ಆ ಕಾಲದವರು ‘ಕೋಅರ್ಸಿವಿಟಿ’ ಅಂತ ಒಂದೇ ಪದ ಬಳಸಿದ್ದು ಅಸಡ್ಡೆಯಿಂದ ಅಲ್ಲ. ಅವರ ಲೋಹಕ್ಕೆ ಒಂದೇ ಪದ ಸಾಕಿತ್ತು.

1950ರ ದಶಕದಲ್ಲಿ ಕಬ್ಬಿಣದ ಆಕ್ಸೈಡಿನಿಂದ ಮಾಡುವ ಫೆರೈಟ್ ಮ್ಯಾಗ್ನೆಟ್ ಬಂತು. 1960ರ ದಶಕದಲ್ಲಿ ಕಾರ್ಲ್ ಸ್ಟ್ರನಾಟ್ ಮತ್ತು ಜೊತೆಯವರ ಕೆಲಸದಿಂದ ಸಮೇರಿಯಂ-ಕೋಬಾಲ್ಟ್ ಬಂತು. 1984ರಲ್ಲಿ ಜಪಾನಿನ ಮಸಾತೊ ಸಗಾವಾ ಅವರ ತಂಡ, ಅಮೆರಿಕದ ಜಾನ್ ಕ್ರೋಟ್ ಅವರ ತಂಡ ಬೇರೆ ಬೇರೆ ದಾರಿಯಿಂದ ಒಂದೇ ಲೋಹವನ್ನು ಪ್ರಕಟಿಸಿದವು. ಎರಡು ನಿಯೋಡೈಮಿಯಂ, ಹದಿನಾಲ್ಕು ಕಬ್ಬಿಣ, ಒಂದು ಬೋರಾನ್ ಪರಮಾಣುಗಳ ಜೋಡಣೆ. ಈ ಹೊಸ ಮ್ಯಾಗ್ನೆಟ್‌ಗಳಲ್ಲಿ ಎಚ್‌ಸಿಜೆ ಎಚ್‌ಸಿಬಿಯಿಂದ ದೂರ ಸರಿಯಿತು. ಎಚ್‌ಸಿಬಿ ಮಾತ್ರ ತನ್ನ ಮಿತಿಯ ಕೆಳಗೇ ಉಳಿಯಿತು. ಲೋಹ ಬದಲಾಯಿತು, ಪದ ಎರಡಾಗಬೇಕಿತ್ತು. ಪುಸ್ತಕದಲ್ಲಿ ಆಯಿತು, ಬಾಯಿಮಾತಿನಲ್ಲಿ ಆಗಲಿಲ್ಲ.

ಬಿಸಿ ಏರಿದಾಗ

ಈಗ ಮೋಟಾರಿಗೆ ವಾಪಸ್ ಬರೋಣ. ತಣ್ಣಗಿರುವಾಗ ಎನ್42ರ ಎಚ್‌ಸಿಜೆ 955. ಅದೂ ಕಡಿಮೆ ಏನಲ್ಲ ಅಲ್ವಾ? ಹಾಗಿದ್ದರೂ ಯಾಕೆ ಮಣಿಯಿತು?

ಬಿಸಿ. ನಿಯೋಡೈಮಿಯಂ ಮ್ಯಾಗ್ನೆಟಿನ ಉಳಿಕೆ ಕಾಂತತ್ವ ಒಂದು ಡಿಗ್ರಿಗೆ ಸುಮಾರು ಶೇ. 0.12ರಷ್ಟು ಇಳಿಯುತ್ತದೆ. ಎಚ್‌ಸಿಜೆ ಅದರ ಐದು ಪಟ್ಟು ವೇಗದಲ್ಲಿ, ಸುಮಾರು ಶೇ. 0.6ರಷ್ಟು ಇಳಿಯುತ್ತದೆ. ಪಂಪ್ ದಿನವಿಡೀ ಓಡಿದರೆ ಈ ಮೋಟಾರಿನ ರೋಟರ್ 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. 20 ಡಿಗ್ರಿಯಿಂದ ನೂರು ಡಿಗ್ರಿ ಏರಿಕೆ. ಉಳಿಕೆ ಕಾಂತತ್ವ 1.30ರಿಂದ 1.14 ಟೆಸ್ಲಾಗೆ ಬಂತು, ದೊಡ್ಡ ಮಾತಲ್ಲ. ಎಚ್‌ಸಿಜೆ 955ರಿಂದ 382ಕ್ಕೆ ಬಿತ್ತು.

ಎದುರಿನ ತಂಡದ ಬಲ ಎಷ್ಟು? ಅದರಲ್ಲಿ ಎರಡು ಪಾಲು. ಒಂದು, ಗಾಳಿಯ ಸಂದಿನಿಂದಾಗಿ ಮ್ಯಾಗ್ನೆಟ್ ತನಗೆ ತಾನೇ ತಂದುಕೊಳ್ಳುವ ಎದುರು ಕ್ಷೇತ್ರ. 3 ಮಿಲಿಮೀಟರ್ ದಪ್ಪಕ್ಕೆ 1 ಮಿಲಿಮೀಟರ್ ಸಂದು ಅಂದರೆ 120 ಡಿಗ್ರಿಯಲ್ಲಿ ಅದು ಸುಮಾರು 225. ಎರಡು, ಸುರುಳಿಯ ಕರೆಂಟ್ ತರುವ ಕ್ಷೇತ್ರ. ಸುಮ್ನೆ ಓಡುವಾಗ ಇದು ಕಡಿಮೆ. ಆದರೆ ಪಂಪಿನಲ್ಲಿ ಕಸ ಸಿಕ್ಕಿ ಮೋಟಾರು ನಿಂತುಬಿಟ್ಟರೆ ಕರೆಂಟ್ ಒಮ್ಮೆಗೇ ಏರುತ್ತದೆ. ಆಗ ಒಂದು ಧ್ರುವಕ್ಕೆ 800 ಆಂಪಿಯರ್-ಸುತ್ತು (ಕರೆಂಟನ್ನು ಸುರುಳಿಯ ಸುತ್ತುಗಳಿಂದ ಗುಣಿಸಿದ್ದು) ಎದುರಾಗುತ್ತಿತ್ತು, ಅಂದರೆ ನಮ್ಮ ಅಳತೆಯಲ್ಲಿ ಸುಮಾರು 197. ಎರಡೂ ಕೂಡಿದರೆ ಸುಮಾರು 422.

225ರ ಮುಂದೆ 382 ನಿಲ್ಲುತ್ತದೆ. 422ರ ಮುಂದೆ ನಿಲ್ಲುವುದಿಲ್ಲ.

ಅದಕ್ಕೇ ಎಲ್ಲ ಮೋಟಾರೂ ಕೆಡಲಿಲ್ಲ. ಬಿಸಿ ಆಗಿದ್ದು ನಿಲ್ಲದಿದ್ದವು ಉಳಿದವು. ನಿಂತರೂ ತಣ್ಣಗಿದ್ದವು ಉಳಿದವು. ಬಿಸಿ ಇದ್ದಾಗಲೇ ನಿಂತವು ಸೊರಗಿದವು. 80 ಡಿಗ್ರಿಯಲ್ಲಿ ಇದೇ ಲೆಕ್ಕ ಹಾಕಿದರೆ ಎದುರು ಬಲ ಸುಮಾರು 435, ಎಚ್‌ಸಿಜೆ 611. ಧಾರಾಳ ಅಂತರ. ಕಾರ್ಖಾನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ರೋಟರ್ 80 ಡಿಗ್ರಿಯೂ ಮುಟ್ಟುತ್ತಿರಲಿಲ್ಲ. ಪ್ರತಿಯೊಂದು ಮೋಟಾರೂ ಪರೀಕ್ಷೆ ಪಾಸಾಗಿ ಹೋಗಿತ್ತು.

ಹಳೆಯ ಎನ್42ಎಸ್‌ಎಚ್‌ನಲ್ಲಿ? 1592ರಿಂದ ಶುರು. ಡಿಗ್ರಿಗೆ ಸುಮಾರು ಶೇ. 0.55 ಇಳಿಕೆ ಹಿಡಿದರೆ 120ರಲ್ಲಿ ಇನ್ನೂ 716 ಉಳಿಯುತ್ತದೆ. 422 ಅದಕ್ಕೆ ಯಾವ ಲೆಕ್ಕ.

ಒಂದು ಪ್ರಶ್ನೆ ಬಂತು. ಎದುರು ಬಲ ಎಚ್‌ಸಿಜೆಯನ್ನೇ ದಾಟಿದರೆ ಮ್ಯಾಗ್ನೆಟ್ ಅರ್ಧಕ್ಕಿಂತ ಹೆಚ್ಚು ಸಾಯಬೇಕಿತ್ತು, ಆರನೇ ಒಂದು ಪಾಲು ಮಾತ್ರ ಯಾಕೆ ಹೋಯಿತು? ವಿನ್ಯಾಸ ವಿಭಾಗದ ಹುಡುಗಿ ಕೇಳಿದ್ದು ಇದು. ಒಳ್ಳೆಯ ಪ್ರಶ್ನೆ. 422ರಲ್ಲಿ ದೊಡ್ಡ ಪಾಲು ಮ್ಯಾಗ್ನೆಟ್‌ನಿಂದಲೇ ಬಂದದ್ದು. ಮ್ಯಾಗ್ನೆಟ್ ಸ್ವಲ್ಪ ಸೊರಗಿದ ಕೂಡಲೇ ಆ ಪಾಲೂ ಇಳಿಯುತ್ತದೆ. ಎದುರು ಬಲ 380ರ ಹತ್ತಿರ ಬಂದು ನಿಲ್ಲುತ್ತದೆ, ಸೊರಗುವುದೂ ಅಲ್ಲಿಗೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಐದನೇ ಒಂದು ಪಾಲಿನಷ್ಟು ನಷ್ಟ ಬರುತ್ತದೆ. ನಾವು ಅಳೆದದ್ದಕ್ಕೆ ಹತ್ತಿರ. ಕನಿಷ್ಠ 955 ಅಂತ ಬರೆದ ಮಾಲು ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ, ಆ ಅಂತರ ಅಲ್ಲಿ ಕಾಣುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೊರಗಿದ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ಬಿಸಿ ಆಗುತ್ತದೆ. ಮುಂದಿನ ಸಲ ನಿಂತಾಗ ಇನ್ನೊಂದು ಮೆಟ್ಟಿಲು ಇಳಿಯುತ್ತದೆ.

ಹೆಸರುಗಳ ಕಾಡು

ಕಾರಣ ಗೊತ್ತಾದ ಮೇಲೆ ಡ್ರಾಯಿಂಗ್ ತಿದ್ದಬೇಕಿತ್ತು. ಎಚ್‌ಸಿಜೆ ಅಂತ ಬರೆದುಬಿಟ್ಟರೆ ಆಯಿತಲ್ಲ ಅಂದುಕೊಂಡೆ. ಅಷ್ಟು ಸುಲಭ ಇರಲಿಲ್ಲ. ನಾಲ್ಕು ಸಪ್ಲೈಯರುಗಳ ಡೇಟಾಶೀಟ್ ತೆಗೆದು ನೋಡಿದರೆ ಒಬ್ಬೊಬ್ಬರದು ಒಂದೊಂದು ಬರವಣಿಗೆ. ಕೆಲವರು ಎಚ್‌ಸಿಜೆ ಅನ್ನುತ್ತಾರೆ. ಕೆಲವರು ಅದನ್ನೇ ಎಚ್‌ಸಿಐ ಅನ್ನುತ್ತಾರೆ, ಐ ಅಂದರೆ ಇಂಟ್ರಿನ್ಸಿಕ್, ಒಳಗಿನದು. ಇನ್ನು ಕೆಲವರು ಐ ಅಕ್ಷರವನ್ನು ಮುಂದೆ ತಂದು ಐಎಚ್‌ಸಿ ಅಂತ ಬರೆಯುತ್ತಾರೆ. ಮೂರೂ ಒಂದೇ. ಅಡಿಯಲ್ಲಿ ಯಾವ ಅಕ್ಷರವೂ ಇಲ್ಲದೆ ಬರೀ ಎಚ್‌ಸಿ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಎಚ್‌ಸಿಬಿ. ಸಾಮಾನ್ಯವಾಗಿ ಅಂದೆ, ಯಾವಾಗಲೂ ಅಲ್ಲ. ಕೇಳಿಯೇ ತಿಳಿಯಬೇಕು.

ಅಳತೆಯದೂ ಗೊಂದಲವೇ. ಕೆಲವರು ಕಿಲೋಅರ್ಸ್ಟೆಡ್‌ನಲ್ಲಿ ಕೊಡುತ್ತಾರೆ. 1 ಕಿಲೋಅರ್ಸ್ಟೆಡ್ ಅಂದರೆ 79.6. ಹಾಗಾಗಿ 12 ಕಿಲೋಅರ್ಸ್ಟೆಡ್ ಅಂದರೆ 955, 20 ಅಂದರೆ 1592. ಮೇಲೆ ಬಂದ ಸಂಖ್ಯೆಗಳು ಅಷ್ಟು ಸೊಟ್ಟಗೆ ಕಾಣಲು ಇದೇ ಕಾರಣ, ಅರ್ಸ್ಟೆಡ್‌ನಲ್ಲಿ ಅವು ದುಂಡು ಸಂಖ್ಯೆಗಳು.

ದರ್ಜೆಯ ಹೆಸರೂ ಬಿಡಿಸಿ ನೋಡುವಂಥದ್ದು. ಎನ್42ರಲ್ಲಿ 42 ಅಂದರೆ ಎನರ್ಜಿ ಪ್ರಾಡಕ್ಟ್. ಅದರ ನಂತರ ಬರುವ ಅಕ್ಷರಗಳೇ ಎಚ್‌ಸಿಜೆಯ ಸುಳಿವು. ಅಕ್ಷರ ಇಲ್ಲದಿದ್ದರೆ ಕನಿಷ್ಠ 12 ಕಿಲೋಅರ್ಸ್ಟೆಡ್. ಎಂ ಇದ್ದರೆ 14, ಎಚ್ ಇದ್ದರೆ 17, ಎಸ್‌ಎಚ್ 20, ಯುಎಚ್ 25, ಇಎಚ್ 30. ಇವಕ್ಕೆ ಕ್ರಮವಾಗಿ 80, 100, 120, 150, 180, 200 ಡಿಗ್ರಿ ಅಂತ ತಾಪಮಾನವನ್ನೂ ಕೊಟ್ಟಿರುತ್ತಾರೆ. ಆ ಡಿಗ್ರಿಯನ್ನು ಕಣ್ಣುಮುಚ್ಚಿ ನಂಬಬಾರದು. ಉದ್ದನೆಯ ಕಡ್ಡಿಯಂಥ ಮ್ಯಾಗ್ನೆಟ್ ಅದಕ್ಕಿಂತ ಹೆಚ್ಚಿನ ಬಿಸಿ ತಡೆಯಬಹುದು, ತೆಳ್ಳನೆಯ ಬಿಲ್ಲೆ ಅದಕ್ಕಿಂತ ಮೊದಲೇ ಸೊರಗಬಹುದು. ತೆಳುವಾದಷ್ಟೂ ಅದರದೇ ಎದುರು ಕ್ಷೇತ್ರ ಜಾಸ್ತಿ. ಮೋಟಾರಿನಲ್ಲಂತೂ ಸುರುಳಿಯ ಪಾಲು ಬೇರೆ ಸೇರುತ್ತದೆ.

ಅಂತರರಾಷ್ಟ್ರೀಯ ಮಾನಕ ಐಇಸಿ 60404-8-1 ಈ ಗೊಂದಲ ಬಿಡಿಸಲು ಒಳ್ಳೆಯ ಕ್ರಮ ಇಟ್ಟಿದೆ. ಲೋಹದ ಹೆಸರಿನ ಮುಂದೆ ಎರಡು ಸಂಖ್ಯೆ, ನಡುವೆ ಓರೆ ಗೀಟು. ಮೊದಲನೆಯದು ಎನರ್ಜಿ ಪ್ರಾಡಕ್ಟ್, ಕಿಲೋಜೂಲ್ ಲೆಕ್ಕದಲ್ಲಿ. ಎರಡನೆಯದು ಎಚ್‌ಸಿಜೆಯ ಹತ್ತನೇ ಒಂದು ಪಾಲು. ಅಲ್ನಿಕೊ 37/5 ಅಂದರೆ ಎಚ್‌ಸಿಜೆ 50ರ ಸುಮಾರು. ನಮ್ಮ ಹಳೆಯ ಮ್ಯಾಗ್ನೆಟ್ ಇದೇ ಕ್ರಮದಲ್ಲಿ ಬರೆದರೆ ಓರೆ ಗೀಟಿನ ಆಚೆ 159 ಬರುತ್ತದೆ, ಹೊಸದಕ್ಕೆ 95. ಡ್ರಾಯಿಂಗ್ ಹೀಗೆ ಬರೆದಿದ್ದರೆ ಮಗುವಿಗೂ ವ್ಯತ್ಯಾಸ ಕಾಣುತ್ತಿತ್ತು. ಮಾನಕ ಬರೆದವರು ಎಚ್‌ಸಿಬಿಯನ್ನು ಹೆಸರಿಗೆ ಸೇರಿಸಲೇ ಇಲ್ಲ ಅನ್ನುವುದನ್ನು ಗಮನಿಸಿ.

ಸುಮ್ನೆ ಎಲ್ಲ ಕಡೆ ಎಚ್‌ಸಿಜೆ ಜಾಸ್ತಿ ಇರುವ ದರ್ಜೆಯನ್ನೇ ಹಾಕಬಹುದಲ್ಲ ಅಂತ ಕೇಳುವವರಿದ್ದಾರೆ. ಎಚ್‌ಸಿಜೆ ಏರಿಸಲು ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುತ್ತಾರೆ. ಎರಡೂ ನಿಯೋಡೈಮಿಯಂಗಿಂತ ಅಪರೂಪದ ಲೋಹ. ಇವುಗಳ ಕಾಂತತ್ವ ಕಬ್ಬಿಣದ ಕಾಂತತ್ವಕ್ಕೆ ಎದುರು ದಿಕ್ಕಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸೇರಿಸಿದಷ್ಟೂ ಉಳಿಕೆ ಕಾಂತತ್ವ ಇಳಿಯುತ್ತದೆ. ಪಟ್ಟು ಹೆಚ್ಚಾದರೆ ಎಳೆತ ಕಡಿಮೆ.

ಪಟ್ಟು

ಮೇಲಿನ ಸಾಲಿನಲ್ಲಿ ‘ಪಟ್ಟು’ ಅಂದೆನಲ್ಲ. ಅದು ತಾನಾಗಿ ಬಂದ ಪದ. ಮಾಲು ತಪಾಸಣೆಯವರಿಗೂ ಜೋಡಣೆಯವರಿಗೂ ಈ ವಿಷಯ ವಿವರಿಸಲು ಒಂದು ಪುಟದ ಕನ್ನಡ ಟಿಪ್ಪಣಿ ಬರೆಯಬೇಕಿತ್ತು. ಕೋಅರ್ಸಿವಿಟಿಯ ಮೂಲ ಲ್ಯಾಟಿನ್ ಕ್ರಿಯಾಪದಕ್ಕೆ ಸುತ್ತುಗಟ್ಟಿ ತಡೆದು ಹಿಡಿ ಅನ್ನುವ ಅರ್ಥ. ನಮ್ಮಲ್ಲಿ ಪಟ್ಟು ಹಿಡಿದವನು ಅಂದರೆ ಎಲ್ಲರಿಗೂ ಗೊತ್ತು. ಎಷ್ಟು ದೂಡಿದರೂ ಜಗ್ಗದವನು. ಕುಸ್ತಿಯಲ್ಲೂ ಪಟ್ಟು ಇದೆ. ಕೋಅರ್ಸಿವಿಟಿಗೆ ಪಟ್ಟು ಅಂದರೆ ಅರ್ಥ ಮನಸ್ಸಿಗೆ ನೇರ ತಟ್ಟುತ್ತದೆ.

ಎಚ್‌ಸಿಜೆಗೆ ‘ಒಳಪಟ್ಟು’ ಅಂತ ಮೊದಲು ಬರೆದೆ. ಓದಿದವರು ‘ನಿಯಮಕ್ಕೆ ಒಳಪಟ್ಟು’ ಅನ್ನುವ ಹಾಗೆ ಓದಿದರು. ವಾಕ್ಯವೇ ಕೆಟ್ಟಿತು. ಒಂದು ಪದದ ಎರಡು ಅರ್ಥದಿಂದ ಬಂದ ತೊಂದರೆಯನ್ನು ಇನ್ನೊಂದು ಎರಡರ್ಥದ ಪದದಿಂದ ಬಿಡಿಸಲು ಹೋಗಿದ್ದೆ. ಅದನ್ನು ಬಿಟ್ಟು ‘ನಿಜಪಟ್ಟು’ ಅಂತ ಮಾಡಿದೆ. ಗಂಟು ಗೆರೆಯ ಮೇಲೆ ನಿಲ್ಲುವ ಎಚ್‌ಸಿಬಿಗೆ ‘ಸಮಪಟ್ಟು’. ಎರಡರ ಪಕ್ಕದಲ್ಲೂ ಚಿಹ್ನೆ ಕಡ್ಡಾಯ. ಚಿಹ್ನೆ ಇಲ್ಲದೆ ಬರೀ ಪಟ್ಟು ಅಂತಲೋ ಬರೀ ಕೋಅರ್ಸಿವಿಟಿ ಅಂತಲೋ ಬರೆಯುವ ಹಾಗಿಲ್ಲ. ಈ ಪದಗಳು ಆ ಒಂದು ಕಡೆಯಾದರೂ ಬಳಕೆಗೆ ಬಂದಿವೆ. ಬೇರೆಯವರಿಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ನಾನು ಖುಷಿಯಿಂದ ಅದನ್ನೇ ಬಳಸುತ್ತೇನೆ.

ತಿದ್ದಿದ ಸಾಲು

ಡ್ರಾಯಿಂಗಿನ ಹಳೆಯ ಸಾಲು ತೆಗೆದು ಎರಡು ಸಾಲು ಹಾಕಿದೆವು. ‘ಎಚ್‌ಸಿಜೆ, 20 ಡಿಗ್ರಿಯಲ್ಲಿ ಕನಿಷ್ಠ 1592.’ ಅದರ ಕೆಳಗೆ, ‘ಎಚ್‌ಸಿಜೆ, 120 ಡಿಗ್ರಿಯಲ್ಲಿ ಕನಿಷ್ಠ 650.’ ನಿಜವಾಗಿ ಕೆಲಸಕ್ಕೆ ಬರುವುದು ಎರಡನೆಯದು, ಮೋಟಾರು ಬದುಕುವುದು ಆ ಬಿಸಿಯಲ್ಲಿ. ಎಚ್‌ಸಿಬಿಯನ್ನು ಕೈಬಿಟ್ಟೆವು.

ಗೌಸ್ ಮೀಟರ್ ಇದನ್ನು ಹಿಡಿಯುವುದಿಲ್ಲ. ಎದುರು ಕ್ಷೇತ್ರ ಏರಿದ ಹಾಗೆ ಮ್ಯಾಗ್ನೆಟ್ ಹೇಗೆ ಮಣಿಯುತ್ತದೆ ಅನ್ನುವ ಪೂರ್ತಿ ವಕ್ರರೇಖೆ ತೆಗೆಯುವ ಹಿಸ್ಟರಿಸಿಸ್‌ಗ್ರಾಫ್ ಯಂತ್ರ ಕಾರ್ಖಾನೆಯವರ ಬಳಿ ಇರಲಿಲ್ಲ. ಅದಕ್ಕೆ ಪ್ರತಿ ಲಾಟಿನ ಜೊತೆ ಸಪ್ಲೈಯರ್ 120 ಡಿಗ್ರಿಯ ವಕ್ರರೇಖೆ ಕೊಡಬೇಕು ಅಂತ ಬರೆದೆವು. ತಮ್ಮಲ್ಲೇ ಮಾಡುವ ಒಂದು ಸರಳ ಪರೀಕ್ಷೆಯನ್ನೂ ಇಟ್ಟೆವು. ಲಾಟಿನಿಂದ ಕೆಲವು ತುಂಡು ತೆಗೆದು, ಇಡೀ ತುಂಡಿನ ಬಲ ತೋರಿಸುವ ಹೆಲ್ಮ್‌ಹೋಲ್ಟ್ಸ್ ಸುರುಳಿ ಮತ್ತು ಫ್ಲಕ್ಸ್ ಮೀಟರಿನಲ್ಲಿ ಅಳೆಯುವುದು. ಅವನ್ನು ಬಿಡಿಬಿಡಿಯಾಗಿ, ಒಂದಕ್ಕೊಂದು ತಾಗದಂತೆ, ಕಬ್ಬಿಣ ಅಲ್ಲದ ತಟ್ಟೆಯಲ್ಲಿಟ್ಟು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಡುವುದು. ತಣ್ಣಗಾದ ಮೇಲೆ ಮತ್ತೆ ಅಳೆಯುವುದು. ರೋಟರಿನಿಂದ ಹೊರಗೆ ಬಿಡಿಯಾಗಿರುವ 3 ಮಿಲಿಮೀಟರ್ ತೆಳು ತುಂಡಿಗೆ ಸುತ್ತ ಕಬ್ಬಿಣದ ಆಸರೆ ಇರುವುದಿಲ್ಲ. ಅದರ ಸ್ವಂತ ಎದುರು ಕ್ಷೇತ್ರವೇ ಸಾಕಷ್ಟು ಜೋರಾಗಿರುತ್ತದೆ. ಸುರುಳಿಯ ಕರೆಂಟ್ ಬೇಕಾಗುವುದೇ ಇಲ್ಲ, ಬಿಸಿಯಲ್ಲಿ ಇಟ್ಟರೆ ಸಾಕು.

ಆ ಪರೀಕ್ಷೆಯನ್ನು ಮೊದಲ ಸಲ ಮಾಡಿದಾಗ ತೊಂದರೆ ಕೊಟ್ಟ ಲಾಟಿನ ಎನ್42 ತುಂಡುಗಳನ್ನೂ ಹೊಸದಾಗಿ ತರಿಸಿದ ಎಸ್‌ಎಚ್ ತುಂಡುಗಳನ್ನೂ ಒಂದೇ ತಟ್ಟೆಯಲ್ಲಿ ದೂರ ದೂರ ಇಟ್ಟಿದ್ದೆವು. ಯಾವುದು ಯಾವುದು ಅಂತ ಬೆನ್ನಿಗೆ ಪೆನ್ನಿನಲ್ಲಿ ಗುರುತು. ಬೆಳಿಗ್ಗೆ ಎರಡರ ಅಳತೆಯೂ ಒಂದೇ ಬಂದಿತ್ತು. ಮಧ್ಯಾಹ್ನ ತಣ್ಣಗಾದ ಮೇಲೆ ಮೊದಲು ಗೌಸ್ ಮೀಟರ್ ತೋರಿಸಿದ್ದ ತಪಾಸಣೆಯವರೇ ಅಳೆದರು. ಎಸ್‌ಎಚ್ ತುಂಡುಗಳ ಮುಳ್ಳು ಬೆಳಗಿನ ಜಾಗಕ್ಕೇ ಹೋಗಿ ನಿಂತಿತು. ಎನ್42 ತುಂಡುಗಳದು ಅಷ್ಟು ದೂರ ಹೋಗಲೇ ಇಲ್ಲ. ಅವರು ತುಂಡನ್ನು ತಿರುಗಿಸಿ ಬೆನ್ನಿನ ಗುರುತು ನೋಡಿದರು. ಇನ್ನೊಮ್ಮೆ ಅಳೆದರು. ಆಮೇಲೆ ತಪಾಸಣೆ ಪುಸ್ತಕದಲ್ಲಿ ಕೋಅರ್ಸಿವಿಟಿ ಅಂತ ಅಚ್ಚಾಗಿದ್ದ ಕಲಮಿನ ಮೇಲೆ ಪೆನ್ನಿನಿಂದ ‘ನಿಜಪಟ್ಟು, ಎಚ್‌ಸಿಜೆ’ ಅಂತ ಬರೆದರು.